ಪಿಪಿಯೊಳಗೆ ರಬ್ಬರ್ ಹನಿ: ಚಳಿಗೆ ಸಿಡಿಯದ ಪ್ಲಾಸ್ಟಿಕ್ ಬೆರೆಸುವ ಬಗೆ

ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಬಾಕ್ಸನ್ನು ಯಾರೂ ಮೆತ್ತಗೆ ಇಳಿಸುವುದಿಲ್ಲ. ಟೆಂಪೋ ಮೇಲಿಂದ ಒಬ್ಬರು ಎಸೆದರೆ ಕೆಳಗೆ ಇನ್ನೊಬ್ಬರು ಹಿಡಿದು ಅಟ್ಟಿ ಹಾಕುತ್ತಾರೆ. ಕೈತಪ್ಪಿದ್ದು ಕಾಂಕ್ರೀಟಿನ ಮೇಲೆ ಬೀಳುತ್ತದೆ. ಹದಿನೈದು ಕೆಜಿ ಹಣ್ಣು ತುಂಬುವ ಬಾಕ್ಸು ಈ ಏಟೆಲ್ಲ ತಿಂದೂ ಬಾಳುವುದು ಅದನ್ನು ಸಾಮಾನ್ಯವಾಗಿ ಎಚ್‌ಡಿಪಿಇ ಎಂಬ ಗಟ್ಟಿ ಪಾಲಿಥೀನ್‌ನಲ್ಲಿ ಮಾಡಿರುವುದರಿಂದ. ಅದೇ ಡೈಗೆ (ಅಚ್ಚಿಗೆ) ಸಾದಾ ಹೋಮೋಪಾಲಿಮರ್ (ಪ್ರೊಪಿಲೀನ್ ಒಂದರಿಂದಲೇ ಆದ) ಪಾಲಿಪ್ರೊಪಿಲೀನ್, ಅಂದರೆ ಪಿಪಿ, ಹಾಕಿ ಬಾಕ್ಸ್ ತೆಗೆದರೆ ಕೈಗೆ ಇನ್ನೂ ಬಿಗಿಯಾಗಿ ಸಿಗುತ್ತದೆ, ಹೊಳಪೂ ಚೆನ್ನ. ಬೇಸಿಗೆಯಲ್ಲಿ ದೂರು ಬರುವುದು ಕಡಿಮೆ. ಮಾಗಿ ಚಳಿಯಲ್ಲಿ, ನಸುಕಿನ ತಾಪಮಾನ 15 ಡಿಗ್ರಿಯ ಸುತ್ತ ಇಳಿದಾಗ, ಮೂಲೆಗಳು ಪಟ್ಟೆಂದು ಸಿಡಿಯುತ್ತವೆ.

ಪಿಪಿ ಅರೆಸ್ಫಟಿಕ ಪ್ಲಾಸ್ಟಿಕ್. ಅದರ ಅಣು ಸರಪಳಿಗಳಲ್ಲಿ ಸುಮಾರು ಅರ್ಧ ಭಾಗ ಅಚ್ಚುಕಟ್ಟಾಗಿ ಮಡಚಿಕೊಂಡು ಸ್ಫಟಿಕವಾಗಿರುತ್ತದೆ, ಉಳಿದದ್ದು ಅಡ್ಡಾದಿಡ್ಡಿ ಬಿದ್ದಿರುತ್ತದೆ. 160–165 ಡಿಗ್ರಿಯಲ್ಲಿ ಕರಗುವುದು ಸ್ಫಟಿಕದ ಭಾಗ; ಬಿಗಿ, ಶಾಖ ತಡೆಯುವ ಶಕ್ತಿ ಎರಡೂ ಅದರದೇ. ಏಟು ತಿಂದಾಗ ಬಗ್ಗಿ ಬಳುಕಬೇಕಾದದ್ದು ಅಡ್ಡಾದಿಡ್ಡಿ ಭಾಗ. ತೊಂದರೆ ಏನೆಂದರೆ, ಅದು ಸೊನ್ನೆ ಡಿಗ್ರಿಯ ಆಸುಪಾಸಿನಲ್ಲೇ ಗಾಜಿನಂತೆ ಸೆಟೆದುಕೊಳ್ಳುತ್ತದೆ. ಏಟಿನ ವೇಗ ಹೆಚ್ಚಿದಷ್ಟೂ ಆ ಸೆಟೆತ ಮೇಲಿನ ತಾಪಮಾನದಲ್ಲೇ ಕಾಣಿಸಿಕೊಳ್ಳುತ್ತದೆ. ಹಾಗಾಗಿ ಕೋಲಾರದಲ್ಲಿ ಹಿಮ ಬೀಳಬೇಕಾಗಿಲ್ಲ, ಮಾಗಿಯ ಒಂದು ಬೆಳಗ್ಗೆ ಸಾಕು. ಎಚ್‌ಡಿಪಿಇಗೆ ಈ ಬಿಂದು ಮೈನಸ್ 100 ಡಿಗ್ರಿಗಿಂತಲೂ ಕೆಳಗಿದೆ; ನಮ್ಮ ಚಳಿ ಅದಕ್ಕೆ ಲೆಕ್ಕಕ್ಕೇ ಇಲ್ಲ.

ಬಾಕ್ಸಿಗಾದರೆ ಎಚ್‌ಡಿಪಿಇ ಸಾಕು, ಮಾತು ಮುಗಿಯಿತು. ಆದರೆ ನರಸಾಪುರ, ವೇಮಗಲ್, ಮಾಲೂರಿನ ಮೋಲ್ಡಿಂಗ್ ಘಟಕಗಳಲ್ಲಿ ತೆಗೆಯುವಂಥ ಗಾಡಿಯ ಸೈಡ್ ಕವರ್, ಕ್ಲಿಪ್ಪು, ಬ್ಯಾಟರಿ ಮುಚ್ಚಳಗಳಿಗೆ ಪಿಪಿಯ ಬಿಗಿಯೂ ಬೇಕು, ಬಿಸಿಲಲ್ಲಿ ನಿಂತ ಗಾಡಿಯ ಶಾಖವನ್ನೂ ತಡೆಯಬೇಕು, ಜೊತೆಗೆ ಬಿದ್ದರೆ ಒಡೆಯಬಾರದು. ಆಗ ಪಿಪಿಯೊಳಗೆ ರಬ್ಬರ್ ಬೆರೆಸುತ್ತಾರೆ.

ಯಾವ ರಬ್ಬರ್?

ಇಲ್ಲಿ ಹೇಳುತ್ತಿರುವುದು ಎಸ್‌ಇಬಿಎಸ್ ಎಂಬ ಬ್ಲಾಕ್ ಕೋಪಾಲಿಮರ್ ಬಗ್ಗೆ, ಅಂದರೆ ಬೇರೆಬೇರೆ ಜಾತಿಯ ತುಂಡು ಜೋಡಿಸಿದ ಸರಪಳಿಗಳ ರಬ್ಬರ್. ಮೊದಲೇ ಒಂದು ಗೊಂದಲ ಬಿಡಿಸಬೇಕು. ಪಿಪಿಸಿಪಿ ಚೀಲವನ್ನೂ ಮಾರುಕಟ್ಟೆಯಲ್ಲಿ ‘ಬ್ಲಾಕ್ ಕೋಪಾಲಿಮರ್’ ಎಂದೇ ಕರೆಯುತ್ತಾರೆ. ಅದು ರಿಯಾಕ್ಟರ್‌ನಲ್ಲೇ ಎಥಿಲೀನ್-ಪ್ರೊಪಿಲೀನ್ ರಬ್ಬರ್ ಸೇರಿಸಿ ಬಂದ ಪಿಪಿ, ಎಸ್‌ಇಬಿಎಸ್ ಅಲ್ಲ. ಅಂಗಡಿಯಲ್ಲಿ ‘ಬ್ಲಾಕ್ ಕೊಡಿ’ ಎಂದರೆ ಸಿಗುವುದು ಪಿಪಿಸಿಪಿ.

ಎಸ್‌ಇಬಿಎಸ್‌ನ ಒಂದೊಂದು ಸರಪಳಿಯೂ ಮೂರು ತುಂಡಿನದು. ಎರಡು ತುದಿಯಲ್ಲಿ ಪಾಲಿಸ್ಟೈರೀನ್, ನಡುವೆ ಉದ್ದಕ್ಕೆ ಎಥಿಲೀನ್-ಬ್ಯುಟಿಲೀನ್ ರಬ್ಬರ್. ಸ್ಟೈರೀನ್ ತುದಿಗಳು ಒಂದನ್ನೊಂದು ಹುಡುಕಿ ಹತ್ತಿಪ್ಪತ್ತು ನ್ಯಾನೋಮೀಟರ್ ಗಾತ್ರದ ಗಂಟುಗಳಾಗಿ ಕಟ್ಟಿಕೊಳ್ಳುತ್ತವೆ. ಸುಮಾರು 100 ಡಿಗ್ರಿಯವರೆಗೆ ಆ ಗಂಟು ಬಿಚ್ಚುವುದಿಲ್ಲ. ನಡುವಿನ ರಬ್ಬರ್ ಮೈನಸ್ 50 ಡಿಗ್ರಿಗೂ ಕೆಳಗೆ ಹೋದಾಗಷ್ಟೇ ಸೆಟೆಯುತ್ತದೆ. ಟೈರಿನ ರಬ್ಬರಿಗೆ ಗಂಧಕ ಹಾಕಿ ಬೇಯಿಸಿ ಕಟ್ಟುವ ಗಂಟನ್ನು ಇಲ್ಲಿ ಸ್ಟೈರೀನ್ ತಾನಾಗಿ ಕಟ್ಟುತ್ತದೆ. ಬಿಸಿ ಮಾಡಿದರೆ ಸಡಿಲ, ತಣಿಸಿದರೆ ಮತ್ತೆ ಬಿಗಿ. ಪ್ಲಾಸ್ಟಿಕ್ ಕರಗಿಸಿ ಬೆರೆಸುವ ಮಾಮೂಲಿ ಎಕ್ಸ್‌ಟ್ರೂಡರ್‌ನಲ್ಲಿ ಓಡುವುದೂ ಅದಕ್ಕೇ.

ನಡುವಿನ ತುಂಡು ರಸಾಯನದಲ್ಲಿ ಪಿಪಿಗೆ ದಾಯಾದಿ ಇದ್ದ ಹಾಗೆ: ಎರಡೂ ಬರೀ ಇಂಗಾಲ-ಜಲಜನಕದ ಸ್ಯಾಚುರೇಟೆಡ್ (ಡಬಲ್ ಬಾಂಡ್ ಇಲ್ಲದ) ಸರಪಳಿ. ಪೂರ್ತಿ ಕರಗಿ ಒಂದಾಗುವುದಿಲ್ಲ, ಆದರೆ ಎಣ್ಣೆ-ನೀರಿನ ಹಾಗೆ ಮುಖ ತಿರುಗಿಸಿಕೊಳ್ಳುವುದೂ ಇಲ್ಲ. ಎರಡರ ನಡುವಿನ ಗಡಿಯಲ್ಲಿ ಎಳೆತ ಕಡಿಮೆ, ಅಂಟು ಚೆನ್ನ. ಅದರಿಂದಲೇ ಎರಡನ್ನೂ ಹೊಂದಿಸುವ ಬೇರೆ ಕಂಪ್ಯಾಟಿಬಿಲೈಸರ್ ಬೇಕಾಗುವುದಿಲ್ಲ.

ಅಗ್ಗಕ್ಕೆಂದು ಎಸ್‌ಬಿಎಸ್ ತಂದು ಹಾಕುವವರಿದ್ದಾರೆ. ಅದರ ನಡುವಿನ ತುಂಡಿನಲ್ಲಿ ಡಬಲ್ ಬಾಂಡ್‌ಗಳು ಉಳಿದಿರುತ್ತವೆ. ಎಕ್ಸ್‌ಟ್ರೂಡರ್‌ನ ಶಾಖಕ್ಕೂ ಬಿಸಿಲಿಗೂ ಅಲ್ಲೇ ಮೊದಲ ಪೆಟ್ಟು. ಹಳದಿ ತಿರುಗಿ, ರಬ್ಬರ್‌ತನ ಕಳೆದುಕೊಂಡು, ಹೊರಾಂಗಣದ ಪಾರ್ಟು ಬೇಗನೆ ಮತ್ತೆ ಮೊದಲಿನ ಗತಿಗೇ ಬರುತ್ತದೆ. ಎಸ್‌ಬಿಎಸ್‌ಗೆ ಹೈಡ್ರೋಜನ್ ಹಿಡಿಸಿ ಆ ಬಾಂಡ್‌ಗಳನ್ನು ತುಂಬಿದರೆ ಬರುವುದೇ ಎಸ್‌ಇಬಿಎಸ್, ಬೆಲೆ ಏರುವುದೂ ಆ ಕೆಲಸಕ್ಕೇ. ಒಳಾಂಗಣದ ಪಾರ್ಟಿಗೂ ಈ ಉಳಿತಾಯ ಬೇಡ ಎಂಬುದೇ ನಮ್ಮ ಸಲಹೆ.

ಹನಿ ಮಾಡುವ ಕೆಲಸ

ಬೆರೆತ ಮಾಲನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಪಿಪಿಯ ನಡುವೆ ರಬ್ಬರಿನ ಸಣ್ಣ ಹನಿಗಳು ಚೆಲ್ಲಿದಂತೆ ಕಾಣುತ್ತವೆ. ಪಾರ್ಟಿಗೆ ಏಟು ಬಿದ್ದಾಗ ಹನಿ ಮೆತ್ತಗಿರುವುದರಿಂದ ಒತ್ತಡವೆಲ್ಲ ಅದರ ಸೊಂಟದ ಸುತ್ತ ಬಂದು ಸೇರುತ್ತದೆ. ಹನಿಯ ಒಳಗೆ ಪೊಳ್ಳು ಬೀಳುತ್ತದೆ. ಅದರೊಂದಿಗೆ ಎರಡು ಹನಿಗಳ ನಡುವಿನ ಪಿಪಿ ಪದರಕ್ಕೆ ಎಲ್ಲ ಕಡೆಯ ಬಿಗಿಯಿಂದ ಬಿಡುಗಡೆ ಸಿಕ್ಕಿ, ಸಿಡಿಯುವ ಬದಲು ಹಿಟ್ಟಿನಂತೆ ಎಳೆಯುತ್ತದೆ. ಒಂದೇ ಬಿರುಕಿನ ಪಾಲಾಗಬೇಕಿದ್ದ ಶಕ್ತಿ ಕೋಟ್ಯಂತರ ಕಡೆ ಹಂಚಿಹೋಗುತ್ತದೆ. ಪಾರ್ಟನ್ನು ಬಗ್ಗಿಸಿದ ಕಡೆ ಬೆಳ್ಳಗಾಗುವುದನ್ನು ಎಲ್ಲರೂ ನೋಡಿರುತ್ತಾರೆ. ಒಳಗೆ ಬಿದ್ದ ಪೊಳ್ಳುಗಳು ಬೆಳಕನ್ನು ಚದುರಿಸಿದ ಗುರುತು ಅದು.

ಇಡೀ ಲೆಕ್ಕ ಕೂತಿರುವುದು ಎರಡು ಹನಿಗಳ ನಡುವಿನ ಪಿಪಿ ಪದರದ ದಪ್ಪದಲ್ಲಿ. ತೆಳ್ಳಗಿದ್ದರೆ ಎಳೆಯುತ್ತದೆ, ದಪ್ಪಗಿದ್ದರೆ ಸಿಡಿಯುತ್ತದೆ. ಡ್ಯುಪಾಂಟ್ ಕಂಪನಿಯ ವಿಜ್ಞಾನಿ ಸೌಹೆಂಗ್ ವೂ 1985ರಲ್ಲಿ ನೈಲಾನ್ 66ಕ್ಕೆ ಈ ಗಡಿ ಸುಮಾರು 0.3 ಮೈಕ್ರಾನ್ ಎಂದು ತೋರಿಸಿದರು. ಪಿಪಿಗೆ ಅಂಕಿ ಬೇರೆ, ತಾಪಮಾನಕ್ಕೆ ತಕ್ಕಂತೆ ಅದೂ ಬದಲಾಗುತ್ತದೆ. ಆದರೆ ಲೆಕ್ಕದ ದಾರಿ ಅದೇ. ಹನಿಯ ವ್ಯಾಸ ಮತ್ತು ರಬ್ಬರಿನ ಪಾಲು ಗೊತ್ತಿದ್ದರೆ ಪದರದ ದಪ್ಪ ಸಿಗುತ್ತದೆ: π ಅನ್ನು ಪಾಲಿನ ಆರು ಪಟ್ಟಿನಿಂದ ಭಾಗಿಸಿ, ಘನಮೂಲ ತೆಗೆದು, ಒಂದನ್ನು ಕಳೆದು, ವ್ಯಾಸದಿಂದ ಗುಣಿಸಬೇಕು. ಪಾಲು ಎಂದರೆ ಇಲ್ಲಿ ಗಾತ್ರದ ಪಾಲು. ಪಿಪಿ, ಎಸ್‌ಇಬಿಎಸ್ ಎರಡರ ಸಾಂದ್ರತೆಯೂ 0.9ರ ಆಸುಪಾಸು ಇರುವುದರಿಂದ ತಕ್ಕಡಿಯ ಪಾಲನ್ನೇ ಹಾಕಿಕೊಂಡರೂ ನಡೆಯುತ್ತದೆ.

ಶೇ 15 ಎಸ್‌ಇಬಿಎಸ್, ಹನಿ 0.5 ಮೈಕ್ರಾನ್: ಪದರ 0.26 ಮೈಕ್ರಾನ್. ಅದೇ ಶೇ 15, ಮಿಕ್ಸಿಂಗ್ ಕೆಟ್ಟು ಹನಿ 2 ಮೈಕ್ರಾನ್ ಆದರೆ ಪದರ 1 ಮೈಕ್ರಾನ್ ದಾಟುತ್ತದೆ. ಈಗ ‘ಇನ್ನಷ್ಟು ರಬ್ಬರ್ ಹಾಕೋಣ’ ಎಂದು ಶೇ 30ಕ್ಕೆ ಏರಿಸಿ ನೋಡಿ. ಹನಿ 2 ಮೈಕ್ರಾನೇ ಉಳಿದರೆ ಪದರ 0.41ಕ್ಕೆ ನಿಲ್ಲುತ್ತದೆ. ಎರಡು ಪಟ್ಟು ರಬ್ಬರಿಗೆ ದುಡ್ಡು ಕೊಟ್ಟು, ಪಾರ್ಟಿನ ಬಿಗಿಯನ್ನೂ ಕಳೆದುಕೊಂಡು, ಚೆನ್ನಾಗಿ ಅರೆದ ಶೇ 15ರ ಹತ್ತಿರಕ್ಕೂ ಬರಲಿಲ್ಲ. ಏಟಿಗೆ ಒಡೆಯಿತೆಂದು ರಬ್ಬರ್ ಏರಿಸುವ ಮುನ್ನ ಈ ಲೆಕ್ಕವನ್ನು ಒಂದು ಸಲ ಬರೆದು ನೋಡುವುದು ಒಳ್ಳೆಯದು.

ಹಾಗೆಂದು ಹನಿ ಸಣ್ಣದಾದಷ್ಟೂ ಲಾಭವೇ ಎಂದೇನಲ್ಲ. ತೀರಾ ಸಣ್ಣ ಹನಿಯೊಳಗೆ ಪೊಳ್ಳು ಬೀಳುವುದೇ ಕಷ್ಟ. ಪಿಪಿಗೆ 0.2ರಿಂದ 0.5 ಮೈಕ್ರಾನ್ ಆಸುಪಾಸು ಒಳ್ಳೆಯ ಜಾಗ.

ಮುದ್ದೆಯಲ್ಲಿ ಗಂಟು

ರಾಗಿ ಮುದ್ದೆ ತಿರುವಿ ಗೊತ್ತಿದ್ದವರಿಗೆ ಮುಂದಿನ ವಿಷಯ ಸುಲಭ. ಎಸರು ತೆಳ್ಳಗಿದ್ದು ಹಿಟ್ಟು ಒಮ್ಮೆಲೇ ಬಿದ್ದರೆ ಕೋಲಿನಿಂದ ಎಷ್ಟು ತಿರುವಿದರೂ ಗಂಟು ನೀರಲ್ಲಿ ತೇಲಿಕೊಂಡು ಕೋಲಿನ ಜೊತೆ ಸುತ್ತುತ್ತದೆ, ಒಡೆಯುವುದಿಲ್ಲ. ಸುತ್ತಲಿನದೂ ಗಟ್ಟಿಯಾಗಿ, ಕೋಲಿಗೆ ಮೈ ಕೊಟ್ಟು ತಿರುವಿದಾಗ ಮಾತ್ರ ಗಂಟು ಅರೆದುಹೋಗುತ್ತದೆ. ಎಕ್ಸ್‌ಟ್ರೂಡರ್ ಒಳಗೂ ಇದೇ ಕಥೆ. ಕರಗಿದ ರಬ್ಬರಿನ ಗಟ್ಟಿತನ ಕರಗಿದ ಪಿಪಿಯ ಗಟ್ಟಿತನಕ್ಕಿಂತ ಸುಮಾರು ನಾಲ್ಕು ಪಟ್ಟಿಗಿಂತ ಹೆಚ್ಚಿದ್ದರೆ, ಬರೀ ಅರೆತದಿಂದ ಹನಿ ಒಡೆಯುವುದೇ ಇಲ್ಲ, ಉರುಳುತ್ತದೆ ಅಷ್ಟೆ. ಎರಡೂ ಸರಿಸಮ, ಅಥವಾ ರಬ್ಬರ್ ಸ್ವಲ್ಪ ತೆಳು ಇದ್ದಾಗ ಒಡೆಯುವುದು ಸುಲಭ.

ಹಾಗಾಗಿ ಗ್ರೇಡ್ ಆಯ್ಕೆಯಲ್ಲೇ ಅರ್ಧ ಕೆಲಸ ಮುಗಿಯುತ್ತದೆ. ಹೆಚ್ಚು ಅಣುತೂಕದ ಎಸ್‌ಇಬಿಎಸ್ 230 ಡಿಗ್ರಿಯಲ್ಲೂ ಹರಿಯುವುದೇ ಇಲ್ಲ ಎನ್ನುವಷ್ಟು ಗಟ್ಟಿ. ಎಣ್ಣೆ ಕುಡಿಸಿ ಮೆತ್ತನೆಯ ಹಿಡಿಕೆ ಮಾಡುವವರಿಗೆ ಅದು ಸರಿ. 25 ಮೆಲ್ಟ್ ಫ್ಲೋ (ಕರಗಿದಾಗ ಹರಿಯುವ ವೇಗದ ಅಳತೆ) ಇರುವ ನೀರಿನಂಥ ಪಿಪಿಯಲ್ಲಿ ಅದನ್ನು ಹರಡಲು ಹೊರಟರೆ ಗಂಟೇ ಗತಿ. ಪಿಪಿಗೆ ಏಟು ತಡೆಯುವ ಶಕ್ತಿ ಕೊಡಲು ಕಡಿಮೆ ಅಥವಾ ಮಧ್ಯಮ ಅಣುತೂಕದ, ಶೇ 30ರೊಳಗೆ ಸ್ಟೈರೀನ್ ಇರುವ ಗ್ರೇಡ್ ಹಿಡಿಯಿರಿ. ಜೊತೆಗೆ 8–12 ಮೆಲ್ಟ್ ಫ್ಲೋ ಪಿಪಿ. ಡೇಟಾಶೀಟ್ ಓದುವಾಗ ಒಂದು ಎಚ್ಚರ ಬೇಕು: ಪಿಪಿಯ ಮೆಲ್ಟ್ ಫ್ಲೋ ಅಳೆಯುವುದು 230 ಡಿಗ್ರಿ, 2.16 ಕೆಜಿ ತೂಕದಲ್ಲಿ. ಎಸ್‌ಇಬಿಎಸ್‌ನದನ್ನು ಎಷ್ಟೋ ಸಲ 5 ಕೆಜಿಯಲ್ಲಿ ಕೊಟ್ಟಿರುತ್ತಾರೆ. ಎರಡು ಅಂಕಿಯನ್ನು ಪಕ್ಕಪಕ್ಕ ಇಟ್ಟು ‘ಎರಡೂ 5 ಇದೆ, ಸರಿಹೊಂದುತ್ತದೆ’ ಎಂದರೆ ಮೋಸಹೋದಂತೆ.

ಒಂದು ಚೀಲದ ಲೆಕ್ಕ

25 ಕೆಜಿಯ ಒಂದು ಪಿಪಿ ಚೀಲಕ್ಕೆ 4.4 ಕೆಜಿ ಎಸ್‌ಇಬಿಎಸ್ ಹಾಕಿದರೆ ಮಿಶ್ರಣದಲ್ಲಿ ಅದು ಶೇ 15. ಫೀನಾಲಿಕ್ ಮತ್ತು ಫಾಸ್ಫೈಟ್ ಆಂಟಿಆಕ್ಸಿಡೆಂಟ್ ಎರಡೂ ಸೇರಿ 60 ಗ್ರಾಂ, ಕ್ಯಾಲ್ಸಿಯಂ ಸ್ಟಿಯರೇಟ್ 15 ಗ್ರಾಂ. ಬಿಸಿಲಿಗೆ ಇಡುವ ಪಾರ್ಟಾದರೆ ಹಾಲ್ಸ್ ಜಾತಿಯ ಯುವಿ ಸ್ಟೆಬಿಲೈಸರ್ 60–90 ಗ್ರಾಂ. ಕಪ್ಪು ಪಾರ್ಟಾದರೆ ಶೇ 2ರಷ್ಟು ಕಾರ್ಬನ್ ಬ್ಲ್ಯಾಕ್ ಬಿಸಿಲನ್ನು ಚೆನ್ನಾಗಿ ತಡೆಯುತ್ತದೆ. ಮಾಸ್ಟರ್‌ಬ್ಯಾಚ್ (ಪ್ಲಾಸ್ಟಿಕ್‌ನಲ್ಲಿ ಹೆಚ್ಚು ಪಾಲು ಮೊದಲೇ ಬೆರೆಸಿಟ್ಟ ಕಾಳು) ರೂಪದಲ್ಲಿ ಹಾಕುವಾಗ ಅದರಲ್ಲಿ ಬ್ಲ್ಯಾಕ್ ಎಷ್ಟಿದೆ ಎಂದು ನೋಡಿ ತೂಕ ಹಾಕಬೇಕು.

ಎಸ್‌ಇಬಿಎಸ್ ಬರುವುದು ಮಂಡಕ್ಕಿ ಪುಡಿಯಂತೆ ಹಗುರವಾದ ಚೂರಿನಲ್ಲಿ. ಪಿಪಿಯದು ನುಣುಪಾದ ದಾನಾ. ಎರಡನ್ನೂ ಡ್ರಮ್ಮಿನಲ್ಲಿ ಉರುಳಿಸಿ ಹಾಪರ್‌ಗೆ ಸುರಿದರೆ ದಾನಾ ಮೊದಲು ಜಾರಿ ಕೆಳಗಿಳಿಯುತ್ತದೆ, ಪುಡಿ ಗೋಡೆ ಹಿಡಿದು ನಿಂತಿರುತ್ತದೆ. ಚೀಲದ ಮೊದಲ ಕಾಲು ಭಾಗದಲ್ಲಿ ರಬ್ಬರ್ ಕಡಿಮೆ, ಕೊನೆಯದರಲ್ಲಿ ಹೆಚ್ಚು. ಲ್ಯಾಬಿನ ಸ್ಯಾಂಪಲ್ ಪಾಸಾಗಿ ಮಾಲು ಫೇಲಾಗುವುದಕ್ಕೆ ಇದೂ ಒಂದು ಕಾರಣ. ಎರಡು ಫೀಡರ್ ಇದ್ದರೆ ಬೇರೆಬೇರೆಯಾಗಿ ಹಾಕಿ. ಇಲ್ಲದಿದ್ದರೆ ಮೊದಲು ದಾನಾಗೆ 60–80 ಮಿಲಿ ವೈಟ್ ಆಯಿಲ್ ಸವರಿ, ಎರಡು ನಿಮಿಷ ಉರುಳಿಸಿ, ಆಮೇಲೆ ಪುಡಿ ಹಾಕಿ; ಅಂಟಿಕೊಂಡು ಕೂರುತ್ತದೆ. ಹಾಪರ್‌ನ ಮಟ್ಟ ಅರ್ಧಕ್ಕಿಂತ ಇಳಿಯಲು ಬಿಡಬೇಡಿ. ಅರೋಮ್ಯಾಟಿಕ್ ಎಣ್ಣೆ ಮಾತ್ರ ಬೇಡವೇ ಬೇಡ: ಅದು ನೇರ ಸ್ಟೈರೀನ್ ಗಂಟಿಗೇ ಹೋಗಿ ಅದನ್ನು ಮೆತ್ತಗೆ ಮಾಡುತ್ತದೆ.

ಟ್ವಿನ್ ಸ್ಕ್ರೂನಲ್ಲಿ, ಉದ್ದ ವ್ಯಾಸದ 40 ಪಟ್ಟು ಇರುವ ಯಂತ್ರವಾದರೆ, ಫೀಡ್ ಝೋನ್ 170, ನಡುವೆ 190–200, ಮಾಲು ಯಂತ್ರದಿಂದ ಹೊರಬರುವ ಡೈ ಬಳಿ 210 ಡಿಗ್ರಿ. ಸ್ಕ್ರೂ ನಿಮಿಷಕ್ಕೆ 250–350 ಸುತ್ತು. ಕರಗಿದ ತಕ್ಷಣ ಒಂದು ಕಡೆ, ಮುಂದೆ ಇನ್ನೊಂದು ಕಡೆ ನೀಡಿಂಗ್ ಬ್ಲಾಕ್ (ಮಾಲನ್ನು ಅರೆಯುವ ಸ್ಕ್ರೂ ತುಂಡು) ಇರಲಿ. ಬರೀ ಸಾಗಿಸುವ ಸ್ಕ್ರೂ ತುಂಡುಗಳಿಂದ ಹನಿ ಒಡೆಯುವುದಿಲ್ಲ. ಸರಿಯಾಗಿ ಬೆರೆಯುತ್ತಿಲ್ಲ ಎಂದು ಕಂಡಾಗ ಕೈ ತಾನಾಗಿ ಹೀಟರ್ ಕಡೆ ಹೋಗುತ್ತದೆ. ಅಲ್ಲೇ ತಪ್ಪಾಗುವುದು. 240 ದಾಟಿಸಿದರೆ ಪಿಪಿಯ ಸರಪಳಿ ತುಂಡಾಗಿ ಇನ್ನಷ್ಟು ತೆಳ್ಳಗಾಗುತ್ತದೆ. ಎಸರು ನೀರಾದಂತೆ, ಗಂಟು ಹಾಗೇ ಉಳಿಯುತ್ತದೆ. ಶಾಖ ಹತ್ತು ಡಿಗ್ರಿ ಇಳಿಸಿ ಮೋಟಾರಿನ ಆಂಪಿಯರ್ ಏರುವುದನ್ನು ನೋಡಿ. ಆ ಏರಿಕೆಯೇ ಅರೆತದ ಲಕ್ಷಣ.

ಸಿಂಗಲ್ ಸ್ಕ್ರೂ ಮಾತ್ರ ಇರುವವರು ಕಡಿಮೆ ಅಣುತೂಕದ ಗ್ರೇಡ್ ಹಿಡಿದು, ಮೊದಲು ಅರ್ಧಕ್ಕರ್ಧ ಎಸ್‌ಇಬಿಎಸ್-ಪಿಪಿಯ ಗಟ್ಟಿ ಮಾಸ್ಟರ್‌ಬ್ಯಾಚ್ ಮಾಡಿಕೊಂಡು, ಎರಡನೇ ಸಲ ಅದನ್ನು ಪಿಪಿಯಲ್ಲಿ ಇಳಿಸುವುದು ಮೇಲು. ಇಂಜೆಕ್ಷನ್ ಯಂತ್ರದ ಹಾಪರ್‌ಗೇ ಎರಡನ್ನೂ ಸುರಿದು ‘ಅಲ್ಲೇ ಬೆರೆಯುತ್ತದೆ’ ಎನ್ನುವುದು ಬೇಡ. ಆ ಸ್ಕ್ರೂ ಕರಗಿಸಲು ಮಾಡಿದ್ದು, ಅರೆಯಲು ಅಲ್ಲ.

ಮೋಲ್ಡಿಂಗ್‌ನಲ್ಲಿ ಕೆಡುವುದು

ಒಳ್ಳೆಯ ಕಾಂಪೌಂಡ್ ಮಾಡಿಯೂ ಮೋಲ್ಡಿಂಗ್‌ನಲ್ಲಿ ಹಾಳುಮಾಡಬಹುದು. ಬ್ಯಾರಲ್ 200–220, ಡೈ 30–50 ಡಿಗ್ರಿ ಇದ್ದು ಎಲ್ಲ ಸರಿಯಿದ್ದರೂ, ಶಿಫ್ಟ್ ಬದಲಾಗುವಾಗ ಯಂತ್ರ ಕಾಲು ಗಂಟೆ ನಿಂತಿತು ಎನ್ನಿ. ಬ್ಯಾರಲ್ಲಿನಲ್ಲಿ ಕರಗಿ ನಿಂತ ಮಾಲಿನೊಳಗೆ ಹನಿಗಳು ಒಂದಕ್ಕೊಂದು ಸೇರಿ ದೊಡ್ಡದಾಗುತ್ತವೆ, ಸಾರಿನ ಮೇಲಿನ ಎಣ್ಣೆಯ ಕಣ್ಣುಗಳು ಕೂಡಿಕೊಳ್ಳುವ ಹಾಗೆ. ಮತ್ತೆ ಶುರುಮಾಡಿದಾಗ ಮೊದಲು ಬರುವ ಪಾರ್ಟುಗಳು ಕಣ್ಣಿಗೆ ಚೆನ್ನಾಗಿದ್ದರೂ ಏಟಿಗೆ ನಿಲ್ಲದಿರಬಹುದು. ಬ್ಯಾರಲ್ ಖಾಲಿಮಾಡಿ, ಹೊರಬಂದ ಆ ಲಂಪ್ಸನ್ನು (ಮುದ್ದೆಗಳನ್ನು) ಬೇರೆ ಇಡಿ.

ಗೇಟಿನ, ಅಂದರೆ ಮಾಲು ಡೈಯೊಳಗೆ ನುಗ್ಗುವ ಬಾಯಿಯ, ಬಳಿ ಪಾರ್ಟು ಈರುಳ್ಳಿ ಸಿಪ್ಪೆಯಂತೆ ಪದರ ಬಿಡುವುದು ಇನ್ನೊಂದು ಕಾಯಿಲೆ. ಸಣ್ಣ ಗೇಟಿನಲ್ಲಿ ವೇಗವಾಗಿ ನುಗ್ಗಿದ ಮಾಲಿನ ಹೊರಪದರದಲ್ಲಿ ಹನಿಗಳು ಹಾಳೆಯಂತೆ ಎಳೆದುಕೊಂಡು, ಬಿಡಿಸಿಕೊಳ್ಳುವ ಮೊದಲೇ ತಣ್ಣನೆ ಡೈ ತಾಗಿ ಹಾಗೇ ಹೆಪ್ಪುಗಟ್ಟುತ್ತವೆ. ಉಗುರಿನಿಂದ ಗೇಟಿನ ಗುರುತನ್ನು ಕೆರೆದರೆ ತೆಳ್ಳನೆಯ ಪೊರೆ ಏಳುತ್ತದೆ. ಇಂಜೆಕ್ಷನ್ ವೇಗ ಇಳಿಸಿ, ಡೈ ಶಾಖ ಹತ್ತು ಡಿಗ್ರಿ ಏರಿಸಿ, ಗೇಟ್ ತುಸು ದೊಡ್ಡದು ಮಾಡಿಸಿ. ಅದಕ್ಕೂ ಹೋಗದಿದ್ದರೆ ಹನಿ ಮೊದಲೇ ದಪ್ಪಗಿತ್ತು ಎಂದರ್ಥ, ಕಾಂಪೌಂಡಿಂಗ್‌ಗೆ ಹಿಂದಿರುಗಬೇಕು. ಹರಿವಿನ ಎರಡು ಕವಲು ಬಂದು ಸೇರುವ ವೆಲ್ಡ್ ಲೈನ್ ಕೂಡ ಸಾದಾ ಪಿಪಿಯಲ್ಲಿದ್ದಕ್ಕಿಂತ ಬಲಹೀನ ಆಗಬಹುದು. ಸ್ಕ್ರೂ ಹಾಕುವ ಬಾಸಿನ (ಉಬ್ಬಿನ) ಮೇಲೆಯೇ ಆ ಗೆರೆ ಬಿದ್ದರೆ ಎಷ್ಟು ರಬ್ಬರ್ ಹಾಕಿದರೂ ಅಲ್ಲೇ ಸೀಳುತ್ತದೆ.

ಎಜೆಕ್ಟರ್ ಪಿನ್ ತಾಗಿದ ಕಡೆ ಬಿಳಿ ಚುಕ್ಕೆ ಬೀಳುತ್ತದೆ, ಕಪ್ಪು ಪಾರ್ಟಿನಲ್ಲಿ ಎದ್ದು ಕಾಣುತ್ತದೆ. ಕೂಲಿಂಗ್ ಸಮಯ ಕೆಲವು ಸೆಕೆಂಡ್ ಹೆಚ್ಚಿಸಿದರೆ ಕಡಿಮೆಯಾಗುತ್ತದೆ. ಕುಗ್ಗುವಿಕೆಯೂ ಬದಲಾಗುತ್ತದೆ: ಸಾದಾ ಪಿಪಿ ಶೇ 1.5–2ರಷ್ಟು ಕುಗ್ಗಿದರೆ, ಸ್ಫಟಿಕದ ಪಾಲು ತಗ್ಗಿದ ಈ ಮಿಶ್ರಣ ಅದಕ್ಕಿಂತ ಕಡಿಮೆ. ಹಳೆಯ ಡೈಯಲ್ಲಿ ತೆಗೆದ ಮುಚ್ಚಳ ಕೂರದೆ ಹೋದರೆ ಆಶ್ಚರ್ಯಪಡಬೇಡಿ.

ಪರೀಕ್ಷೆ

ನಾಚ್ (ಕಚ್ಚು) ಹಾಕಿದ ತುಂಡಿಗೆ ಲೋಲಕದಿಂದ ಏಟು ಕೊಡುವ ಐಜಾಡ್ ಪರೀಕ್ಷೆಯಲ್ಲಿ, 23 ಡಿಗ್ರಿಯಲ್ಲಿ, ಸಾದಾ ಹೋಮೋಪಾಲಿಮರ್ ಮೀಟರಿಗೆ 20–35 ಜೂಲ್ ಕೊಡುತ್ತದೆ. ಎಸ್‌ಇಬಿಎಸ್ ಏರಿಸುತ್ತ ಹೋದರೆ ಆ ಅಂಕಿ ನೇರ ಗೆರೆಯಲ್ಲಿ ಏರುವುದಿಲ್ಲ. ಶೇ 10ರವರೆಗೆ ಮೆಲ್ಲಗೆ, ಆಮೇಲೆ ಎಲ್ಲೋ ಒಂದು ಕಡೆ ಜಿಗಿತ. ಪದರ ಗಡಿಗಿಂತ ತೆಳ್ಳಗಾದ ಜಾಗ ಅದು. ಬಿಗಿ ಮಾತ್ರ ರಬ್ಬರಿನ ಜೊತೆ ಒಂದೇ ಸಮನೆ ಇಳಿಯುತ್ತ ಹೋಗುತ್ತದೆ. ಹೋಮೋಪಾಲಿಮರ್‌ನ ಸುಮಾರು 1,500 ಮೆಗಾಪಾಸ್ಕಲ್ ಬಿಗಿಯಲ್ಲಿ ಶೇ 20 ಎಸ್‌ಇಬಿಎಸ್ ಹೊತ್ತಿಗೆ ಕಾಲು ಭಾಗದಿಂದ ಮೂರನೇ ಒಂದು ಭಾಗ ಹೋಗಿರುತ್ತದೆ. ಹಾಗಾಗಿ ಶೇ 10, 15, 20 ಮೂರನ್ನೂ ಮಾಡಿ ನೋಡಿ, ಜಿಗಿತ ದಾಟಿದ ಮೊದಲ ಅಂಕಿಯಲ್ಲೇ ನಿಲ್ಲಬೇಕು. ಶೇ 40 ಮೀರಿದರೆ ರಬ್ಬರ್ ಹನಿಯಾಗಿ ಉಳಿಯದೆ ಜಾಲವಾಗುತ್ತದೆ. ಅದು ಹಿಡಿಕೆ, ವಾಷರ್ ಮಾಡುವವರ ಲೋಕ.

ಮೋಲ್ಡ್ ಮಾಡಿದ ಕೂಡಲೇ ಪರೀಕ್ಷೆಗೆ ಇಡಬೇಡಿ. ಪಿಪಿ ತಣಿದ ಮೇಲೂ ನಿಧಾನವಾಗಿ ಸ್ಫಟಿಕ ಕಟ್ಟುತ್ತಿರುತ್ತದೆ. ಕನಿಷ್ಠ 40 ಗಂಟೆ 23 ಡಿಗ್ರಿಯಲ್ಲಿ ಬಿಡಬೇಕು. ಬಿಸಿ ಪಾರ್ಟನ್ನು ನೆಲಕ್ಕೆ ಬಡಿದು ‘ಒಡೆಯಲಿಲ್ಲ ನೋಡಿ’ ಎನ್ನುವುದು ಪರೀಕ್ಷೆಯಲ್ಲ. ಐಜಾಡ್ ಯಂತ್ರ ಇಲ್ಲದ ಘಟಕದಲ್ಲಿ ಮಾಡಬಹುದಾದದ್ದು ಇಷ್ಟು: ಎರಡು ದಿನ ಇಟ್ಟ ಹತ್ತು ಪಾರ್ಟುಗಳನ್ನು ರಾತ್ರಿ ಫ್ರಿಜ್ಜಿನ ಕೆಳಗಿನ ಭಾಗದಲ್ಲಿಡಿ, ಅಲ್ಲಿ 4–5 ಡಿಗ್ರಿ ಇರುತ್ತದೆ. ಬೆಳಗ್ಗೆ ಒಂದೊಂದಾಗಿ ತೆಗೆದು, ಹತ್ತು ಸೆಕೆಂಡಿನೊಳಗೆ, ಒಂದೇ ತೂಕದ ಕಬ್ಬಿಣದ ಗುಂಡನ್ನು ಒಂದೇ ಎತ್ತರದಿಂದ ಪೈಪಿನ ಮೂಲಕ ಒಂದೇ ಜಾಗಕ್ಕೆ ಬೀಳಿಸಿ. ಒಡೆದದ್ದನ್ನು ಎಣಿಸುವುದರ ಜೊತೆಗೆ ಒಡೆದ ಮೈಯನ್ನೂ ನೋಡಿ. ಬೆಳ್ಳಗೆ ಎಳೆದುಕೊಂಡು ಹರಿದಿದ್ದರೆ ರಬ್ಬರ್ ಕೆಲಸ ಮಾಡಿದೆ, ಪಾಲು ಸ್ವಲ್ಪ ಸಾಲದು ಅಷ್ಟೆ. ಬಣ್ಣ ಬದಲಾಗದೆ ಗಾಜಿನಂತೆ ನುಣ್ಣಗೆ ಸೀಳಿದ್ದರೆ ಹನಿ ದಪ್ಪಗಿದೆ. ಅಂಥ ಕಡೆ ರಬ್ಬರ್ ಏರಿಸಿ ಪ್ರಯೋಜನವಿಲ್ಲ.

ಹನಿಯನ್ನೇ ನೋಡಬೇಕೆಂದರೆ ಲ್ಯಾಬಿಗೆ ಕಳಿಸಬೇಕು. ಪಾರ್ಟಿನ ತುಂಡನ್ನು ದ್ರವ ಸಾರಜನಕದಲ್ಲಿ ಮುಳುಗಿಸಿ ಮುರಿದು, ಮುರಿದ ಮೈಯನ್ನು ಟಾಲ್ವೀನ್‌ನಲ್ಲಿ ಇಡುತ್ತಾರೆ. ಎಸ್‌ಇಬಿಎಸ್ ಕರಗಿ ಹೋಗುತ್ತದೆ, ಪಿಪಿ ಉಳಿಯುತ್ತದೆ. ಹನಿ ಇದ್ದ ಕಡೆ ತೂತು. ಆ ತೂತುಗಳನ್ನು ಅಳೆದರೆ ಮೇಲಿನ ಲೆಕ್ಕಕ್ಕೆ ಬೇಕಾದ ವ್ಯಾಸ ಸಿಕ್ಕಿತು. ತುಂಡನ್ನು ಗೇಟಿನ ಬಳಿಯಿಂದ ಒಂದು, ದೂರದಿಂದ ಒಂದು ಕಳಿಸಿ.

ಬೆಲೆಯ ಮಾತು ಆಡದೆ ಬಿಡುವಂತಿಲ್ಲ. ಎಸ್‌ಇಬಿಎಸ್ ಪಿಪಿಗಿಂತ ಬಹಳ ದುಬಾರಿ. ಬರೀ ಏಟು ತಡೆಯುವುದಷ್ಟೇ ಬೇಕಿದ್ದರೆ ಪಿಪಿಸಿಪಿ, ಅಥವಾ ಹೋಮೋಪಾಲಿಮರ್‌ಗೆ ಪಿಒಇ ಎಂಬ ಪಾಲಿಓಲೆಫಿನ್ ರಬ್ಬರ್ ಬೆರೆಸುವುದು ಅಗ್ಗವಾಗಿ ಮುಗಿಯುತ್ತದೆ. ಗಾಡಿಯ ಪಾರ್ಟುಗಳಲ್ಲಿ ಹೆಚ್ಚು ಕಡೆ ನಡೆಯುವುದೂ ಅದೇ. ಎಸ್‌ಇಬಿಎಸ್ ತನ್ನ ಬೆಲೆ ದುಡಿಯುವ ಜಾಗ ಬೇರೆ. ಕಡಿಮೆ ಸ್ಟೈರೀನ್ ಇರುವ ಗ್ರೇಡನ್ನು ರ್‍ಯಾಂಡಮ್ ಕೋಪಾಲಿಮರ್ (ಸರಪಳಿಯಲ್ಲಿ ಅಲ್ಲಲ್ಲಿ ಎಥಿಲೀನ್ ಸೇರಿದ) ಪಿಪಿಗೆ ಬೆರೆಸಿದರೆ ಎರಡೂ ಬೆಳಕನ್ನು ಹೆಚ್ಚುಕಡಿಮೆ ಒಂದೇ ಸಮ ಬಾಗಿಸುತ್ತವೆ, ಹನಿಯೂ ತೀರಾ ಸಣ್ಣದು. ಪಾರ್ಟು ಏಟನ್ನೂ ತಡೆದು ತಿಳಿಯಾಗಿಯೂ ಉಳಿಯುತ್ತದೆ. ಪಿಪಿಸಿಪಿ ಎಂದರೆ ಹಾಲಿನ ಬಣ್ಣವೇ. ಪಾರದರ್ಶಕ ಡಬ್ಬಿಯ ಮುಚ್ಚಳ ಫ್ರಿಜ್ಜಿನಿಂದ ತೆಗೆದಾಗ ಬಿರುಕು ಬಿಡುತ್ತಿದ್ದರೆ, 4.4 ಕೆಜಿ ತೂಗಲು ತಕ್ಕಡಿ ತೆಗೆಯಬಹುದು.